ಹೆಸರು ಹಾಕದ ಕೊಪ್ಪರಿಗೆ

ಗಿರಾಕಿ ಚೌಕಾಸಿ ಮಾಡದೆ ಒಪ್ಪಿಕೊಂಡರೆ ಮಸ್ತಾನಸಾಬರಿಗೆ ಎದೆ ಧಸಕ್ಕೆನ್ನುತ್ತಿತ್ತು. ನಲವತ್ತು ವರ್ಷದಿಂದ ಹಳೇ ದಾವಣಗೆರೆಯ ಓಣಿಯೊಂದರಲ್ಲಿ ಕೂತು, ಆಲೆಮನೆಗಳಿಗೆ ಬೆಲ್ಲ ಕಾಯಿಸುವ ಕಬ್ಬಿಣದ ಕೊಪ್ಪರಿಗೆ ಬಡಿದುಕೊಡುತ್ತಿದ್ದ ಮನುಷ್ಯ. ಬೆಲೆ ಹೇಳಿದ ಕೂಡಲೇ ಗಿರಾಕಿ ಹಣೆ ಚಚ್ಚಿಕೊಳ್ಳಬೇಕು. 'ಕಬ್ಬಿಣದ್ದು ಕೇಳಿದ್ದು ಸಾಬ್ರೆ, ಬಂಗಾರದ್ದಲ್ಲ' ಅನ್ನಬೇಕು. ಎದ್ದು ಹೋದ ಹಾಗೆ ಮಾಡಿ, ಪಕ್ಕದ ಬೊಮ್ಮಣ್ಣನ ಚಹದಂಗಡಿಯವರೆಗೆ ನಡೆದು, ಅಲ್ಲಿಂದ ತಿರುಗಿ ಬರಬೇಕು. ಅದು ಮರ್ಯಾದಸ್ಥರ ವ್ಯವಹಾರ. ಆ ಹೆಂಗಸು ಮಾತ್ರ ಬೆಲೆ ಕೇಳಿದ್ದೇ ತಡ, "ಆಗ್ಲಿ ಬಿಡ್ರಿ" ಎಂದುಬಿಟ್ಟಳು.

ಹೆಸರು ಉಡಚಮ್ಮ. ಐವತ್ತರ ಆಸುಪಾಸು. ಬಿಸಿಲಿಗೆ ಸುಟ್ಟ ಮುಖ, ಸಾಬರ ಅಂಗೈಗಿಂತ ಒರಟಾದ ಅಂಗೈ. ಹರಿಹರದಿಂದಾಚೆ, ನಂದಿಗುಡಿ ಬಸ್ಸು ಹೋಗುವ ದಾರಿಯಲ್ಲಿ ಹೊಳೆದಂಡೆಯ ಊರು ತನ್ನದು ಎಂದಳು. ಆ ಕಡೆ ನೋಡಿದಷ್ಟೂ ಭತ್ತ, ಕಬ್ಬು ಅಷ್ಟಕ್ಕಷ್ಟೇ. ಭತ್ತದ ಊರಿನವಳಿಗೆ ಬೆಲ್ಲದ ಕೊಪ್ಪರಿಗೆ ಯಾಕೆ?

"ಆಲೆಮನೆ ಎಲ್ಲೈತಮ್ಮ?" ಸಾಬರು ಸುಮ್ಮನೆ ಕೇಳಿದವರಂತೆ ಕೇಳಿದರು.

"ಐತೆ ಬಿಡ್ರಿ, ಅಲ್ಲೇ ಎಲ್ಲೋ."

"ಒಲೆ ಅಳತೆ ಕೊಡ್ರಿ. ಒಲೆ ಮ್ಯಾಲೆ ಸರಿಯಾಗಿ ಕೂಡ್ಬೇಕಲ್ಲ ಅದು."

"ಒಲೆ ಚಿಂತಿ ನಿಮಗ್ಯಾಕ ಸಾಬ್ರೆ? ಎಂಟಡಿ ಅಗಲ ಇರ್ಲಿ. ತಳ ಚಪ್ಪಟೆ ಇರ್ಲಿ. ತಗಡು ತೆಳ್ಳಗಿರ್ಲಿ, ನಾಕು ಜನ ಹೆಣ್ಮಕ್ಳು ಎತ್ತೋ ಹಂಗೆ."

ತೆಳ್ಳಗಿನ ತಗಡು ಬೆಲ್ಲದ ಒಲೆಯ ಮೇಲೆ ಒಂದು ಹಂಗಾಮೂ ಬಾಳುವುದಿಲ್ಲ. ಎತ್ತಿಕೊಂಡು ಓಡುವವರಿಗೆ ಮಾತ್ರ ಬೇಕು ಅಂಥದ್ದು. ಅಷ್ಟರಲ್ಲಿ ಆಕೆ ಅಂಗಳದಲ್ಲಿ ತಯಾರಾಗಿದ್ದ ಬೇರೆಯವರ ಕೊಪ್ಪರಿಗೆಗೆ ಸೀರೆ ಎತ್ತಿಕಟ್ಟಿ ಕಾಲಿಟ್ಟಳು, ನಡುವೆ ಕುಕ್ಕರಗಾಲಲ್ಲಿ ಕೂತಳು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೈ ತೂಗಿದಳು.

ಚಹ ಕೊಡಲು ಬಂದಿದ್ದ ಬೊಮ್ಮಣ್ಣ ಅದನ್ನು ಕಂಡು ಗ್ಲಾಸು ಹಿಡಿದಲ್ಲೇ ನಿಂತ. ಲಾರಿ ಓಡಿಸಿ ನಿವೃತ್ತನಾದವನು, ಬಾಯಿಗೆ ಮಾತ್ರ ಇನ್ನೂ ನಿವೃತ್ತಿ ಬಂದಿರಲಿಲ್ಲ. "ಏನಕ್ಕಾ, ಹೊಳೆ ದಾಟ್ತೀಯೇನು ಅದ್ರಾಗ?"

ಉಡಚಮ್ಮನ ಮುಖದ ಬಣ್ಣ ಹೋಯಿತು. ತಟ್ಟನೆ ಎದ್ದು ಹೊರಬಂದಳು. ಸಾಬರು ಅದನ್ನು ಗಮನಿಸಿದರು, ಹೆದರಿಕೆಯೆಂದು ಲೆಕ್ಕ ಹಾಕಿದರು. ಬೊಮ್ಮಣ್ಣ ತಮಾಷೆಗೆ ಅಂದದ್ದೇ ನಿಜವಾಗಿತ್ತು. ಆದರೆ ಬೊಮ್ಮಣ್ಣನ ಮಾತನ್ನು ಈ ಓಣಿಯಲ್ಲಿ ಯಾರು ನಂಬಿದ್ದಾರೆ, ಸಾಬರು ನಂಬಲಿಕ್ಕೆ?

ಬೊಮ್ಮಣ್ಣ ಬಿಡಲಿಲ್ಲ. "ನಗಬ್ಯಾಡ್ರಿ. ನೆರೆ ಬಂದ ವರ್ಷ ನಮ್ಮ ಷಡ್ಡಕ ನೀರಿನ ಟ್ಯಾಂಕು ಎರಡು ಹೋಳು ಕೊಯ್ದು ಎರಡು ದೋಣಿ ಮಾಡಿದ. ಒಂದ್ರಾಗ ತಾನು, ಇನ್ನೊಂದ್ರಾಗ ಹೆಂಡ್ತಿ. ಯಾಕಪ್ಪಾ ಅಂದ್ರೆ ಇಬ್ರಿಗೂ ಆ ವಾರ ಮಾತಿಲ್ಲ!"

"ಯಾ ಅಲ್ಲಾ," ಒಳಗಿಂದ ಸಾಬರ ಹೆಂಡತಿ ಜೈನಾಬಿ ನಕ್ಕದ್ದು ಕೇಳಿಸಿತು.

"ಇನ್ನೊಬ್ಬ ಕೆಟ್ಟುಹೋದ ಫ್ರಿಜ್ಜಿನ ಬಾಗಿಲು ಕಿತ್ತು, ಅಂಗಾತ ಮಲಗಿಸಿ, ಒಳಗ ಎರಡು ಆಡು ಕೂಡಿಸಿದ. ಆಡುಗಳು ತಂಪಾಗಿ ಕುಂತ್ವು, ಇವನು ಹಿಂದೆ ಈಜ್ತಾ ತಳ್ಳಿದ. ಆಚೆ ದಡದಾಗ ನಿಂತೋರು ಆಡಿಗೆ ನಮಸ್ಕಾರ ಮಾಡಿದ್ರಂತೆ. ನಮ್ಮ ಮಾವನ್ನಂತೂ ನಾಕು ಲಾರಿ ಟ್ಯೂಬಿನ ಮ್ಯಾಲೆ ಮಂಚ ಕಟ್ಟಿ ಆಸ್ಪತ್ರೆಗೆ ದಾಟಿಸಿದ್ವಿ. ಜ್ವರದಾಗ ನಿದ್ದಿ ಹೋಗಿದ್ದೋರು, ಹೊಳೆ ನಡುವೆ ಕಣ್ಬಿಟ್ಟು 'ಮಂಚ ಯಾರ್ರೋ ಅಲ್ಲಾಡ್ಸೋದು' ಅಂತ ಬೈದ್ರು."

ಸಾಬರೂ ನಕ್ಕರು. ಉಡಚಮ್ಮ ನಗಲಿಲ್ಲ. "ಮಂಚ ಸುತ್ತು ಹೊಡೀಲಿಲ್ವಾ?" ಎಂದು ಗಂಭೀರವಾಗಿ ಕೇಳಿದಳು. "ಆ ಟ್ಯಾಂಕು ಮಗುಚಲಿಲ್ವಾ?"

ಮಾತು ಮರೆಸುತ್ತಿದ್ದಾಳೆ ಎಂದುಕೊಂಡರು ಸಾಬರು. ಹೊರಡುವಾಗ ಆಕೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು: "ಸಾಮಾನು ಒಯ್ಯೋಕೆ ನಾನೇ ಗಾಡಿ ತರ್ತೀನ್ರಿ. ನೀವು ಊರಿಗೆ ಬರೋದು ಬ್ಯಾಡ. ನಮ್ಮ ಮನೇರಿಗೆ ಗೊತ್ತಾಗಬಾರ್ದು."

ಸಾಬರಿಗೆ ಅಷ್ಟು ಸಾಕಾಯಿತು.

ಅವರ ಅನುಮಾನಕ್ಕೂ ಒಂದು ಕಾರಣವಿತ್ತು, ಪಾಪ. ಇಪ್ಪತ್ತು ವರ್ಷದ ಹಿಂದೆ ಒಬ್ಬ ನಯವಾದ ಮನುಷ್ಯ ಬಂದು, ಹೀಗೆಯೇ ಚೌಕಾಸಿ ಮಾಡದೆ, ಎರಡು ದೊಡ್ಡ ಹಂಡೆ ಮಾಡಿಸಿಕೊಂಡು ಹೋಗಿದ್ದ. ಮದುವೆ ಅಡಿಗೆಗೆ ಎಂದಿದ್ದ. ಮೂರು ತಿಂಗಳಾದ ಮೇಲೆ ಅವು ಕಳ್ಳಬಟ್ಟಿ ಸಾರಾಯಿ ಕಾಯಿಸುವಲ್ಲಿ ಸಿಕ್ಕಿದವು. ಅಂಚಿನಲ್ಲಿ 'ಮ.ಸಾ.' ಎಂಬ ಅಚ್ಚು. ಸಾಬರು ಮಾಡಿದ ಪ್ರತಿ ಪಾತ್ರೆಯ ಮೇಲೂ ಆ ಎರಡಕ್ಷರ ಹೊಡೆಯುವುದು ಅವರ ತಂದೆಯ ಕಾಲದ ಪದ್ಧತಿ. ಠಾಣೆಯಲ್ಲಿ ಎರಡು ದಿನ ಕೂತು ಬಂದರು. ಪೇಪರಿನಲ್ಲಿ ಹಂಡೆಯ ಪಕ್ಕ ಅವರ ಮುಖ. ಹೆಂಡ ಮೂಸಿ ಕೂಡ ನೋಡದ ಮನುಷ್ಯನಿಗೆ ನಮಾಜಿಗೆ ಹೋದಲ್ಲೂ ಕೀಟಲೆ: 'ಏನ್ ಮಸ್ತಾನಸಾಬ್, ಈ ಸಲದ ಮಾಲು ಹೆಂಗೈತಿ?' ಆ ಮಾತು ಹಳೆಯದಾಗಲು ಹತ್ತು ವರ್ಷ ಹಿಡಿಯಿತು. ಇನ್ನೊಮ್ಮೆ ಹಾಗಾದರೆ ತಾನು ಉಳಿಯುವುದಿಲ್ಲ ಎಂದು ಅವರು ಖಂಡಿತವಾಗಿ ನಂಬಿದ್ದರು.

ಹಾಗಂತ ಬಂದ ಕೆಲಸ ಬಿಡುವುದೂ ಕಷ್ಟ. ಬೇಡವೆಂದರೆ ಆಕೆ ಬೇರೆ ಕಡೆ ಮಾಡಿಸಿಕೊಳ್ಳುತ್ತಾಳೆ, ಅಕಸ್ಮಾತ್ ಒಳ್ಳೆಯವಳಾಗಿದ್ದರೆ? ಎರಡು ದಿನ ತಲೆ ಕೆಡಿಸಿಕೊಂಡು ಸಾಬರು ಒಂದು ಉಪಾಯ ಹೂಡಿದರು. ಬುದ್ಧಿವಂತಿಕೆ ಎಂದು ಅವರೇ ತಮ್ಮ ಬೆನ್ನು ತಟ್ಟಿಕೊಂಡರು. ನನ್ನನ್ನು ಕೇಳಿದರೆ ಅದರಷ್ಟು ದಡ್ಡತನ ಇನ್ನೊಂದಿಲ್ಲ.

ಕೊಪ್ಪರಿಗೆಯೆಂದರೆ ತಗಡಿನ ತುಂಡುಗಳನ್ನು ಒಂದರ ಮೇಲೊಂದು ಅಂಚು ಕೂಡಿಸಿ, ತೂತು ಕೊರೆದು, ರಿವೆಟ್ಟು ಮೊಳೆ ಬಡಿದು ಜೋಡಿಸಿದ್ದು. ಸಾಬರು ತಳದಲ್ಲಿ ಮೂರು ತೂತಿಗೆ ಮಾತ್ರ ರಿವೆಟ್ಟು ಹಾಕಲಿಲ್ಲ. ಮೇಣಕ್ಕೆ ಮಸಿ ಕಲಸಿ, ತೂತಿಗೆ ತುಂಬಿ, ಬೆರಳಲ್ಲಿ ಒತ್ತಿ ರಿವೆಟ್ಟಿನ ತಲೆಯ ಹಾಗೆಯೇ ಉಬ್ಬಿಸಿದರು. ಒಲೆಯ ಮೇಲಿಟ್ಟರೆ ಮೇಣ ಕರಗುತ್ತದೆ, ಕೊಪ್ಪರಿಗೆ ಸೋರುತ್ತದೆ. ಬೆಲ್ಲದವಳಾದರೆ ಮರುದಿನವೇ ಬಂದು ಓಣಿ ಕೇಳುವ ಹಾಗೆ ಬೈಯುತ್ತಾಳೆ. ಕೈಮುಗಿದು ಸರಿಮಾಡಿ ಕೊಟ್ಟರಾಯಿತು. ಸಾರಾಯಿಯವಳಾದರೆ ಬೈಯಲು ಬರುವುದಿಲ್ಲ. ಬೈಗುಳವೇ ಆಕೆಯ ಒಳ್ಳೆಯತನಕ್ಕೆ ಸಾಕ್ಷಿ. ಯಾವುದಕ್ಕೂ ಇರಲಿ ಎಂದು 'ಮ.ಸಾ.' ಅಚ್ಚನ್ನೂ ಹೊಡೆಯಲಿಲ್ಲ.

ಕೊನೆಗೆ ಪದ್ಧತಿಯಂತೆ ಕೊಪ್ಪರಿಗೆಯ ತುಂಬ ನೀರು ತುಂಬಿ, ಹೊರಗಿನಿಂದ ಕೈಯಾಡಿಸಿ ನೋಡಿದರು. ಒಂದು ಹನಿ ಜಿನುಗಲಿಲ್ಲ.

ತಿಂಗಳ ಕೊನೆಗೆ ಉಡಚಮ್ಮ ಗೂಡ್ಸ್ ಗಾಡಿ ತಂದಳು. ಕೊಪ್ಪರಿಗೆಯ ಮೇಲೆ ಟಾರ್ಪಾಲು ಹೊದಿಸಿ ಬಿಗಿದಳು. ಅಷ್ಟರಲ್ಲಿ ಫೋನು ಬಂತು. "ಇಲ್ಲೇ ಹರಿಹರದಾಗ ಅದೀನ್ರಿ, ಸೀರಿಗೆ ಫಾಲ್ಸ್ ಹಚ್ಚೋಕೆ ಕೊಡ್ತಿದ್ದೀನಿ," ಎಂದು ಸಲೀಸಾಗಿ ಸುಳ್ಳು ಹೇಳಿದಳು. ಸಾಬರು ಬೊಮ್ಮಣ್ಣನ ಮುಖ ನೋಡಿದರು. ಹೊರಡುವ ಮುಂಚೆ ಉಡಚಮ್ಮ ಟಾರ್ಪಾಲಿನ ಕೆಳಗೆ ಕೈ ತೂರಿಸಿ, ಅಂಚಿನ ಸುತ್ತ ಬೆರಳಾಡಿಸಿ ಕೇಳಿದಳು: "ಎಲ್ಲಾದ್ರ ಮ್ಯಾಲೂ ಹೆಸರು ಐತಲ್ರಿ ನಿಮ್ದು. ಇದ್ರ ಮ್ಯಾಲೆ ಇಲ್ವಲ್ಲ?"

"ಅಚ್ಚು ಸವೆದೈತಮ್ಮ," ಎಂದರು ಸಾಬರು.

ಆಕೆ ಒಂದು ಗಳಿಗೆ ಅವರನ್ನೇ ನೋಡಿ, ಗಾಡಿ ಹತ್ತಿದಳು.

ಮರುದಿನ ಬೈಯಲು ಬರಲಿಲ್ಲ. ಅದರ ಮರುದಿನವೂ ಇಲ್ಲ. ಓಣಿಯ ತುದಿಯಲ್ಲಿ ಯಾರಾದರೂ ಹೆಂಗಸು ಬಿರಬಿರನೆ ಬಂದರೆ ಸಾಬರು ಆಸೆಯಿಂದ ಕತ್ತು ಚಾಚುತ್ತಿದ್ದರು. ಹಾಲಿನವಳು, ಇಲ್ಲ ಸೊಪ್ಪಿನವಳು. ಹದಿನೆಂಟು ದಿನ ಕಳೆದವು. "ನೋಡಿದ್ಯಾ, ಆಕಿ ಸಾರಾಯಿಯೋಳೇ ಅಂತ ನಾನು ಹೇಳಿರ್ಲಿಲ್ವಾ?" ಎಂದು ಬೊಮ್ಮಣ್ಣನಿಗೆ ಹೇಳುವಾಗ ಸಾಬರಿಗೆ ಭಯದ ಜೊತೆ ಒಂದಿಷ್ಟು ಹೆಮ್ಮೆಯೂ ಇತ್ತು. ಮೇಣದ ಸಂಗತಿ ಮಾತ್ರ ಯಾರಿಗೂ ಹೇಳಿರಲಿಲ್ಲ.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಬೊಮ್ಮಣ್ಣ ಮೊಬೈಲು ಹಿಡಿದು, ಹೊಟ್ಟೆ ಹಿಡಿದು, ಅಂಗಡಿಗೆ ನುಗ್ಗಿದ. "ಸಾಬ್ರೆ, ಇದನ್ನ ನೋಡ್ರಿ, ಇದನ್ನ ನೋಡ್ರಿ! ನಂದಿಗುಡಿ ಬಸ್ಸಿನ ಕಂಡಕ್ಟರ್ ನನ್ನ ತಂಗಿ ಮಗ. ಬೆಳಿಗ್ಗೆ ಕಳಿಸ್ಯಾನ. ಇನ್ಮ್ಯಾಲೆ ನನ್ನ ಮಂಚದ ಕಥಿಗೆ ಬೆಲೆನೇ ಇಲ್ಲ!"

ಪರದೆಯ ಮೇಲೆ ಹೊಳೆ. ಹೊಳೆಯ ನಡುವೆ ಒಂದು ಕೊಪ್ಪರಿಗೆ ಮೆಲ್ಲಗೆ ಗಿರಗಿರ ತಿರುಗುತ್ತ ಹೋಗುತ್ತಿತ್ತು. ಅದರೊಳಗೆ ಏಳು ಜನ ಹೆಂಗಸರು, ಕೈಯಲ್ಲಿ ಬುತ್ತಿಗಂಟು. ಅವರಲ್ಲಿ ಹುಟ್ಟು ಹಾಕುತ್ತಿದ್ದವಳು ಉಡಚಮ್ಮ. ಚಿತ್ರ ತೆಗೆಯುತ್ತಿದ್ದವನ ದನಿ: 'ನೋಡ್ರಪ್ಪಾ, ಆಚೆ ದಡದ ಗದ್ದಿಗೆ ಕಳೆ ಕೀಳೋಕೆ ಹೊಂಟಾರ. ಇವತ್ತೇ ಸುರು. ಹರಿಗೋಲು ಹೋಗಿ ಬೆಲ್ಲದ ಕೊಪ್ಪರಿಗಿ ಬಂತು. ಸಂಜಿ ಐದೂವರೆಗೆ ವಾಪಸ್ ಬಿಡ್ತೈತೆ, ಟಿಕೇಟು ಮಾತ್ರ ನಾನು ಕೊಡಂಗಿಲ್ಲ!' ಆಚೆ ದಡ ಮುಟ್ಟಿದ ಮೇಲೆ ಹೆಂಗಸರು ಇಳಿದು, ಕೊಪ್ಪರಿಗೆಯನ್ನು ಮರಳಿನ ಮೇಲೆಳೆದು, ಹರಿಗೋಲನ್ನು ಹಾಕುವ ಹಾಗೆಯೇ ಬಿಸಿಲಿಗೆ ಬೋರಲು ಹಾಕಿದರು.

ಸಾಬರು ನಗಲಿಲ್ಲ. ದೋಣಿ! ಒಲೆಯಿಲ್ಲ, ಸಾರಾಯಿಯಿಲ್ಲ, ಏನೂ ಇಲ್ಲ. ಮೊದಲು ಸಮಾಧಾನವಾಯಿತು. ನೀರು ತಂಪು, ತಂಪಿಗೆ ಮೇಣ ಗಟ್ಟಿ. ಏನಾಗುತ್ತದೆ? ಆಮೇಲೆ ಅಂಗಳಕ್ಕಿಳಿದು, ಬಿಸಿಲಿಗೆ ಬೋರಲಾಗಿದ್ದ ಇನ್ನೊಂದು ಕೊಪ್ಪರಿಗೆಯ ತಳಕ್ಕೆ ಕೈಯಿಟ್ಟರು. ಚುರ್ರೆಂದಿತು. ಕೈ ಹಿಂದಕ್ಕೆಳೆದುಕೊಂಡು ಅಲ್ಲೇ ಕೂತುಬಿಟ್ಟರು. ಮಾರ್ಚ್ ತಿಂಗಳ ಬಿಸಿಲು, ತೆಳ್ಳಗಿನ ತಗಡು, ಬೆಳಿಗ್ಗೆಯಿಂದ ಸಂಜೆಯವರೆಗೆ ಬೋರಲು.

"ಜೈನಾಬಿ, ಮೇಣ ಹಾಕಿದೀನಿ," ಎಂದರು. "ಮೂರು ಕಡೆ. ನಾನೇ ಹಾಕಿದೀನಿ."

ಜೈನಾಬಿಗೆ ಪೂರ್ತಿ ತಿಳಿಯಲು ಅರ್ಧ ನಿಮಿಷ ಹಿಡಿಯಿತು. ತಿಳಿದ ಮೇಲೆ ಮೂವತ್ತೆಂಟು ವರ್ಷದ ಸಂಸಾರದಲ್ಲಿ ಎಂದೂ ಆಡದ ಮಾತು ಆಡಿದಳು. ಉರ್ದುವಿನಲ್ಲಿ ಆಡಿದ್ದರಿಂದ ಬೊಮ್ಮಣ್ಣನಿಗೆ ಅರ್ಧ ಮಾತ್ರ ಅರ್ಥವಾಯಿತು, ಅದೇ ಹೆಚ್ಚಾಯಿತು. ಆಮೇಲೆ ಕನ್ನಡದಲ್ಲಿ ಕೂಗಿದಳು: "ಇನ್ನೂ ಕುಂತೀರಲ್ಲ! ಆಕೀದಾದರೂ ಫೋನ್ ನಂಬರ್ ಐತಾ?"

ಇರಲಿಲ್ಲ. ಊರಿಗೆ ಬರಬೇಡ ಎಂದವಳ ನಂಬರು ಇಟ್ಟುಕೊಂಡರೆ ನಾಳೆ ತನಗೇ ಕುತ್ತು ಎಂದು ಅದನ್ನೂ ಬರೆದುಕೊಂಡಿರಲಿಲ್ಲ. ಬೊಮ್ಮಣ್ಣ ತಂಗಿಯ ಮಗನಿಗೆ ಫೋನು ಹಚ್ಚಿದ. ಸ್ವಿಚ್ ಆಫ್.

ಸಾಬರು ಚೀಲಕ್ಕೆ ಸುತ್ತಿಗೆ, ಬಡಿಯುವಾಗ ಅಡಿಗಿಡುವ ಚಿಕ್ಕ ಕಬ್ಬಿಣದ ಗಟ್ಟಿ, ಒಂದು ಹಿಡಿ ರಿವೆಟ್ಟು ತುಂಬಿಕೊಂಡು ಬೊಮ್ಮಣ್ಣನ ಮೊಪೆಡ್ಡಿನ ಹಿಂದೆ ಕೂತರು. ಬಾತಿ ಊರು ದಾಟುವ ಹೊತ್ತಿಗೆ ನಾಲ್ಕು ಗಂಟೆ. ಬೊಮ್ಮಣ್ಣ ಲಾರಿ ಓಡಿಸಿದವನಲ್ಲವೇ, ಮೊಪೆಡ್ಡನ್ನೂ ಲಾರಿಯೆಂದೇ ತಿಳಿದು ನಡುರಸ್ತೆಯಲ್ಲಿ ಹೊಡೆದ. ಹರಿಹರ ಬಂತು, ಹೋಯಿತು; ನಂದಿಗುಡಿ ದಾರಿಯಲ್ಲಿ ಹರಿಗೋಲು ಬಿಡುವ ದಂಡೆ ಎಲ್ಲೆಂದು ಕೇಳುತ್ತ ಮುಂದೆ ಹೋದರು. ಸಾಬರ ತಲೆಯಲ್ಲಿ ಒಂದೇ ಲೆಕ್ಕ: ಮೂರು ತೂತು, ಏಳು ಜನ. ಆ ಕಡೆ ಹೊಳೆಯಲ್ಲಿ ಬೇಸಿಗೆಯಲ್ಲೂ ಬತ್ತದ ಆಳದ ಮಡು. ಇಪ್ಪತ್ತು ವರ್ಷದಿಂದ ಹೆಸರು ಹೆಸರು ಎಂದು ಬಡಿದುಕೊಂಡವನು ಈಗ ಹೆಸರಿಲ್ಲದ ಪಾತ್ರೆಯಲ್ಲಿ ಏಳು ಜನರನ್ನು ಮುಳುಗಿಸಲು ಹೊರಟಿದ್ದೇನೆ ಎಂದು ತಮ್ಮನ್ನೇ ಬೈದುಕೊಂಡರು. "ಅಲ್ಲಾ, ಅವಳು ಬೈಯಲಿ. ಬೈಯೋಕಾದರೂ ಉಳೀಲಿ," ಎಂದು ಬೊಮ್ಮಣ್ಣನ ಬೆನ್ನಿಗೆ ಕೇಳುವ ಹಾಗೆ ಬೇಡಿಕೊಂಡರು.

ಹೊಳೆದಂಡೆಗೆ ಮುಟ್ಟಿದಾಗ ಐದೂವರೆ ದಾಟಿತ್ತು. ಕೊಪ್ಪರಿಗೆ ಆಗಲೇ ನಡುಹೊಳೆಯಲ್ಲಿತ್ತು.

"ತಿರುಗ್ಸ್ರೀ! ತೂತು ಐತ್ರೀ ಅದಕ್ಕೆ!" ಸಾಬರು ಎರಡೂ ಕೈ ಎತ್ತಿ ಕೂಗಿದರು. ಗಾಳಿ ಎದುರಿಗಿತ್ತು. ಹೆಂಗಸರು ಇವರತ್ತ ನೋಡಿ, ಖುಷಿಯಿಂದ ಕೈ ಬೀಸಿದರು. ಸಾಬರು ಚೀಲ ಎಸೆದು ನೀರಿಗಿಳಿದರು. ಈಜು ಬಾರದು. ಮೊಣಕಾಲು, ತೊಡೆ, ಸೊಂಟ. ಬೊಮ್ಮಣ್ಣ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ. ಕೊಪ್ಪರಿಗೆ ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು, ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಸಾಬರ ಎದೆಗೇ ತಾಗಿ ನಿಂತಿತು.

ಸಾಬರು ಅಂಚು ಹಿಡಿದು ಒಳಗೆ ಬಗ್ಗಿದರು. ಹೆಂಗಸರ ಕಾಲುಗಳ ನಡುವೆ ತಳ ಒಣಗಿತ್ತು. ಮೇಣವಿದ್ದ ಮೂರು ಕಡೆಯೂ ಅಂಗೈಯಗಲ ಡಾಂಬರು ಮೆತ್ತಿತ್ತು.

"ಏನ್ ಸಾಬ್ರೆ," ಉಡಚಮ್ಮ ಹುಟ್ಟನ್ನು ಅಡ್ಡ ಹಿಡಿದು ಕೇಳಿದಳು, "ಅಚ್ಚು ಸವೆದಿತ್ತಲ್ಲ, ಸರಿ ಆಯ್ತಾ?"

ದಡಕ್ಕೆ ಬಂದ ಮೇಲೆ ಸಾಬರು ಒದ್ದೆ ಬಟ್ಟೆಯಲ್ಲೇ ನಿಂತು ಎಲ್ಲವನ್ನೂ ಹೇಳಿದರು. ಹಂಡೆ, ಠಾಣೆ, ಪೇಪರು, ಮೇಣ. ಒಂದನ್ನೂ ಮುಚ್ಚಿಡಲಿಲ್ಲ. ಹೆಂಗಸರ ಮುಖದ ನಗು ಒಂದೊಂದಾಗಿ ಆರಿತು. ಮರದ ಕೆಳಗೆ ಕೂತಿದ್ದ ಒಬ್ಬ ಮುದುಕ ಎದ್ದು ಹತ್ತಿರ ಬಂದ. ಉಡಚಮ್ಮನ ಗಂಡ ಮಾರಪ್ಪ. ಅವನ ಎರಡೂ ಕೈ ಸಣ್ಣಗೆ ನಡುಗುತ್ತಿದ್ದವು.

"ಇವರು ನಲವತ್ತು ವರ್ಷ ಬಿದಿರಿನ ಹರಿಗೋಲು ಹೆಣೆದೋರು," ಉಡಚಮ್ಮ ಹೇಳಿದಳು. "ಹೋದ ವರ್ಷದಿಂದ ಕೈ ನಡುಗ್ತಾವೆ, ಹೆಣಿಕೆ ಕೂಡಲ್ಲ. ಹಳೇ ಹರಿಗೋಲು ಕೊಳೆತುಹೋತು. ಈ ಹೆಣ್ಮಕ್ಕಳನ್ನ ದಾಟಿಸೋದೇ ನಮ್ಮ ಅನ್ನ. ತಗಡಿನ ಪಾತ್ರಿ ತರ್ತೀನಿ ಅಂದ್ರೆ ಇವರು ಹೊಳಿಗೆ ಹಾರ್ತಿದ್ರು. ಅದಕ್ಕೇ ಕದ್ದು ಮಾಡಿಸ್ದೆ."

"ತಂದಾಗ ನಾನು ಮಾತೇ ಬಿಟ್ಟಿದ್ದೆ," ಎಂದ ಮಾರಪ್ಪ. "ಹುಗ್ಗಿ ಮಾಡ್ಕೊಂಡು ತಿನ್ನು ಅದ್ರಾಗ, ಅಂದಿದ್ದೆ."

"ಮತ್ತೆ ತೂತು ಹೆಂಗೆ ಗೊತ್ತಾತು?" ಸಾಬರು ಕೇಳಿದರು. "ನಾನು ನೀರು ತುಂಬಿ ನೋಡಿದ್ದೆ. ಒಂದು ಹನಿ ಸೋರಿರ್ಲಿಲ್ಲ."

"ನೀವು ಒಳಗಿನ ನೀರು ಹೊರಗೆ ಹೋಗ್ತೈತಾ ಅಂತ ನೋಡೋರು. ನಾವು ಹೊರಗಿನ ನೀರು ಒಳಗೆ ಬರ್ತೈತಾ ಅಂತ ನೋಡೋರು." ಉಡಚಮ್ಮ ಕೊಪ್ಪರಿಗೆಗೆ ಕೈಯಿಂದ ಬಡಿದಳು. "ಹೊಸ ಹರಿಗೋಲು ಮಧ್ಯಾಹ್ನ ಬೋರಲು ಹಾಕಿ, ಒಳಗ ಹೊಕ್ಕು ಕುಂತು, ಬೆಳಕು ಕಾಣ್ತೈತಾ ಅಂತ ನೋಡ್ತೀವಿ. ಮೊದಲ್ನೇ ದಿನವೇ ಕುಂತೆ. ಕತ್ತಲಿ ಇತ್ತು. ಆದ್ರೂ ಏಳ್ಲಿಲ್ಲ. ಇನ್ನೊಂದು ತಾಸು ಕುಂತೆ, ಬೆಂದುಹೋದೆ. ಆವಾಗ ಒಂದು ಚುಕ್ಕಿ ಬೆಳಕು ಬಿತ್ತು. ಇವರನ್ನ ಕೂಗಿದೆ. ಮಾತು ಬಿಟ್ಟೋರು ಮಾತಾಡಿ, ಒಳಗ ತಲೆ ತೂರ್ಸಿದ್ರು. ಮೇಣ ಇವರ ಬೋಳುತಲಿ ಮ್ಯಾಲೇ ತೊಟ್ಟಿಕ್ತು."

"ಇನ್ನೂ ಕಲೆ ಐತೆ," ಮಾರಪ್ಪ ತಲೆ ಬಗ್ಗಿಸಿ ತೋರಿಸಿದ. "ನಿಮ್ಮನ್ನ ಬೈಯೋಕೆ ಹೊಂಟಿದ್ಲು, ನಾನೇ ತಡೆದು ಡಾಂಬರು ಹಚ್ಚಿದೆ. ಹಚ್ಚೋಕೆ ಕೈ ನಡುಗಿದ್ರೂ ನಡೀತೈತೆ." ಹಾಗೆನ್ನುವಾಗ ಅವನ ದನಿಯಲ್ಲಿ ಒಂದಿಷ್ಟು ಗತ್ತಿತ್ತು.

ಬೊಮ್ಮಣ್ಣ ತಡೆಯಲಾರದೆ ನಕ್ಕುಬಿಟ್ಟ. ಉಡಚಮ್ಮ ನಗಲಿಲ್ಲ.

"ಕತ್ತಲಿ ಇದ್ರೂ ಯಾಕ ಕುಂತ್ರಿ ಅಷ್ಟು ಹೊತ್ತು?" ಸಾಬರು ಕೇಳಿದರು.

"ಹೆಸರು ಇರ್ಲಿಲ್ವಲ್ಲ. ಎಲ್ಲಾದ್ರ ಮ್ಯಾಲೂ ಹೆಸರು ಹೊಡ್ದು, ನನ್ನದೊಂದಕ್ಕೆ ಬಿಟ್ಟಾರಂದ್ರೆ ಒಳಗ ಏನೋ ಐತೆ ಅನ್ನಿಸ್ತು. ನೀವು ನನ್ನ ಮ್ಯಾಲೆ ಅನುಮಾನ ಪಟ್ರಿ, ನಾನು ನಿಮ್ಮ ಮ್ಯಾಲೆ ಪಟ್ಟೆ. ಇಬ್ಬರಾಗ ನಂದು ಸರಿ ಇತ್ತು ಸಾಬ್ರೆ. ನಂದು ತಪ್ಪಿದ್ದಿದ್ರೆ ಈ ಏಳು ಮನೀಗೆ ಯಾರು ಉತ್ತರ ಕೊಡ್ತಿದ್ರು?"

ಸಾಬರಿಗೆ ಅಳು ಬಂತು. ಅರವತ್ತೆರಡು ವರ್ಷದ ಗಂಡಸು ಏಳು ಜನ ಹೆಂಗಸರೆದುರು ಅತ್ತರು. ಬೈಯಲು ಬರಲಿ ಎಂದು ಹದಿನೆಂಟು ದಿನ ಕಾದಿದ್ದರು. ಈಗ ಬೈದದ್ದಕ್ಕಿಂತ ಹೆಚ್ಚಾಗಿತ್ತು.

ಬೆಳಕಿರುವಾಗಲೇ ಕೂತು ಡಾಂಬರು ಕೆರೆದು ಮೂರು ರಿವೆಟ್ಟು ಬಡಿದರು. ಒಂದೊಂದಕ್ಕೂ ಹತ್ತು ಪೆಟ್ಟು ಸಾಕು, ಅವರು ಮೂವತ್ತು ಹೊಡೆದರು. ಮೇಲೆ ಮಾರಪ್ಪ ತನ್ನ ಕೈಯಿಂದಲೇ ಮತ್ತೆ ಡಾಂಬರು ಬಳಿದ. ಯಾವುದಕ್ಕೂ ಇರಲಿ ಎಂದ. ಬಳಿದಾದ ಮೇಲೆ ಉಡಚಮ್ಮ ಕೊಪ್ಪರಿಗೆಯನ್ನು ನೀರಿಗೆ ತಳ್ಳಿ, ಹುಟ್ಟು ಹಿಡಿದು ಕರೆದಳು: "ಬರ್ರಿ ಸಾಬ್ರೆ, ಕೂಡ್ರಿ."

"ನನಗೆ ಈಜು ಬರಂಗಿಲ್ಲಮ್ಮ."

"ಇವರಿಗೂ ಬರಂಗಿಲ್ಲ," ಎಂದು ಹೆಂಗಸರತ್ತ ಕೈ ತೋರಿಸಿದಳು.

ಸಾಬರು ಹತ್ತಿ ಕೂತರು. ನಡುಹೊಳೆಯವರೆಗೂ ಕಣ್ಣು ಮೂರು ರಿವೆಟ್ಟಿನ ಮೇಲಿಂದ ಕದಲಲಿಲ್ಲ. ಅಂಗೈಯನ್ನು ಒಂದರಿಂದ ಇನ್ನೊಂದಕ್ಕೆ ಒತ್ತಿ ಒತ್ತಿ ನೋಡಿದರು. ಅಂಗೈಗೆ ಡಾಂಬರು ಹತ್ತಿತು, ನೀರು ಹತ್ತಲಿಲ್ಲ. ಮಡುವಿನ ಮೇಲೆ ಉಡಚಮ್ಮ ಹುಟ್ಟು ನಿಲ್ಲಿಸಿದಳು. ಕೊಪ್ಪರಿಗೆ ನಿಧಾನವಾಗಿ ಒಂದು ಸುತ್ತು ಹಾಕಿತು; ದಡ, ಮರ, ಮಾರಪ್ಪ, ಕೈ ಬೀಸುವ ಬೊಮ್ಮಣ್ಣ, ಮತ್ತೆ ದಡ. ಕಾಲಡಿಯ ತೆಳ್ಳಗಿನ ತಗಡಿಗೆ ನೀರು ತಾಗುವ ಸದ್ದು ಕೇಳುತ್ತಿತ್ತು.

"ನಾಳೆ ಅಚ್ಚು ತಗೊಂಡು ಬರ್ತೀನಮ್ಮ," ಎಂದರು ಸಾಬರು. "ಹೆಸರು ಎಲ್ಲಿ ಹೊಡೀಲಿ? ಹೊರಗಿನ ಅಂಚಿಗಾ?"

"ಬ್ಯಾಡ. ಒಳಗೆ ಹೊಡೀರಿ, ನಾನು ಕೂಡೋ ಜಾಗದ ಎದುರಿಗೇ," ಎಂದು ಉಡಚಮ್ಮ ಮತ್ತೆ ಹುಟ್ಟು ಹಾಕಿದಳು. "ನೀರು ಬಂದ್ರೆ ಯಾರನ್ನ ಬೈಬೇಕು ಅನ್ನೋದು ಕಣ್ಣಿಗೆ ಕಾಣ್ತಾ ಇರ್ಬೇಕು."